ಹೊತ್ತಿಗೆ ಬಾರದ ಹೂ

2023ರ ಯುಗಾದಿ ಮಾರ್ಚ್ 22ಕ್ಕೆ ಬಂದಿತ್ತು. ಬಳ್ಳಾರಿಯ ನಮ್ಮ ಮನೆಯಲ್ಲಿ ಅಂದು ಬೆಳಿಗ್ಗೆ ಎಲ್ಲವೂ ಸಿದ್ಧವಾಗಿತ್ತು. ಹುಣಸೆಹಣ್ಣು ನೆನೆದಿತ್ತು, ಬೆಲ್ಲ ಕುಟ್ಟಿಯಾಗಿತ್ತು, ಮಾವಿನಕಾಯಿ ಹೆಚ್ಚಿಯಾಗಿತ್ತು, ಪುಠಾಣಿ ಹಿಟ್ಟಿನ ಡಬ್ಬಿ ಕೈಗೆ ಸಿಗುವಂತಿತ್ತು. ಇಲ್ಲದ್ದು ಒಂದೇ, ಬೇವಿನ ಹೂ. ಅಂಗಳದ ಮರದಲ್ಲಿ ತಾಮ್ರದ ಬಣ್ಣದ ಎಳೆ ಚಿಗುರಿತ್ತು. ಅಲ್ಲಲ್ಲಿ ಸಾಸಿವೆಕಾಳಿನಂಥ ಮೊಗ್ಗುಗಳಿದ್ದವು. ಅರಳಿದ ಒಂದು ಗೊಂಚಲೂ ಇರಲಿಲ್ಲ. ಹಬ್ಬಕ್ಕೆ ಬಂದಿದ್ದ ಹಿರಿಯರೊಬ್ಬರು ಕೋಲು ಹಿಡಿದು ಮೇಲೆ ನೋಡಿ ನೋಡಿ ಸಾಕಾಗಿ, "ಹಬ್ಬ ಬಂದ್ರೂ ಹೂ ಬಿಡಲಿಲ್ಲ ಅಂದ್ರ ಇದು ಬಂಜಿ ಮರ. ಕಡಿಸಿಬಿಡ್ರಿ, ಅಂಗಳಾನಾದ್ರೂ ಸ್ವಚ್ಛ ಇರ್ತೈತಿ" ಅಂದರು.

ಎಲ್ಲರೂ ನಕ್ಕರು. ನಾನೂ ನಕ್ಕೆ. ನಕ್ಕ ಮೇಲೆ ಕಂಡದ್ದು, ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ನನ್ನ ನೆಗೆಣ್ಣಿಯ ಮುಖ. ಮದುವೆಯಾಗಿ ಒಂಬತ್ತು ವರ್ಷ, ಮಕ್ಕಳಿಲ್ಲ. ಅವಳು ಏನೂ ಹೇಳಲಿಲ್ಲ. ಒಳಗೆ ಹೋಗಿ, ಆಗಲೇ ಕುಟ್ಟಿ ಪುಡಿಯಾಗಿದ್ದ ಬೆಲ್ಲವನ್ನು ಮತ್ತೆ ಕುಟ್ಟತೊಡಗಿದಳು. ಆ ಸದ್ದು ಇನ್ನೂ ನನ್ನ ಕಿವಿಯಲ್ಲಿದೆ.

ಅವತ್ತಿನಿಂದ ನನ್ನನ್ನು ಕಾಡುತ್ತಿರುವ ಪ್ರಶ್ನೆ ಇದು: ಹೊತ್ತಿಗೆ ಬರಲಿಲ್ಲ ಎಂದು ಯಾರನ್ನಾದರೂ ದೂರುವಾಗ ನಾವು ನೋಡುವುದು ಯಾರ ಗಡಿಯಾರವನ್ನು?

ನಮ್ಮತ್ತೆಯವರು ಸಿರುಗುಪ್ಪದವರು. ಓದಿದ್ದು ನಾಲ್ಕನೆಯ ಇಯತ್ತೆ. ಗೋಡೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ, ಅಗಸರ ಲೆಕ್ಕ, ಗ್ಯಾಸ್ ಸಿಲಿಂಡರು ಬಂದ ದಿನ ಎಲ್ಲವನ್ನೂ ಬರೆದಿಡುತ್ತಿದ್ದರು. ಅವರು ತೀರಿಕೊಂಡ ಮೇಲೆ ಟ್ರಂಕಿನಲ್ಲಿ ಹನ್ನೊಂದು ವರ್ಷದ ಕ್ಯಾಲೆಂಡರುಗಳು ಸಿಕ್ಕವು. ಒಂದೊಂದರಲ್ಲೂ ಮಾರ್ಚಿನಲ್ಲೋ ಏಪ್ರಿಲಿನಲ್ಲೋ ಒಂದು ಚೌಕದೊಳಗೆ 'ಬೇವು ಹೂ' ಎಂದು ಬರೆದಿತ್ತು. ಹೂವನ್ನು ನೆರಳಲ್ಲಿ ಒಣಗಿಸಿ ಸಾರಿಗೆಂದು ಎತ್ತಿಡುವುದು ಅವರ ಪದ್ಧತಿ. ಮೊದಲ ಹೂ ಕಂಡ ದಿನವನ್ನು ಅದಕ್ಕಾಗಿಯೇ ಗುರುತು ಮಾಡುತ್ತಿದ್ದರೇನೋ.

ಆ ಯುಗಾದಿ ಕಳೆದ ವಾರವೇ ಕ್ಯಾಲೆಂಡರುಗಳನ್ನು ಹರವಿಕೊಂಡು ಕೂತೆ. ಮರ ದಾರಿ ತಪ್ಪಿದೆ, ಕಾಲ ಕೆಟ್ಟಿದೆ ಎಂದು ಸಾಬೀತು ಮಾಡುವ ಆಸೆ ನನಗೆ. ಕಂಡದ್ದು ಬೇರೆ. ಕೆಲವು ವರ್ಷ ಹೂ ಹಬ್ಬಕ್ಕಿಂತ ಮೊದಲೇ ಬಂದಿದೆ, ಕೆಲವು ವರ್ಷ ಆಮೇಲೆ. ಆದರೆ ಹೆಚ್ಚು ಓಡಾಡಿದ್ದು ಮರವಲ್ಲ, ಹಬ್ಬ. ನಮ್ಮ ಚಾಂದ್ರಮಾನದ ವರ್ಷಕ್ಕೆ ಸುಮಾರು 354 ದಿನ. ಸೂರ್ಯನ ವರ್ಷಕ್ಕೆ 365. ಹೀಗಾಗಿ ಯುಗಾದಿ ವರ್ಷವರ್ಷವೂ ಹನ್ನೊಂದು ದಿನ ಹಿಂದೆ ಸರಿಯುತ್ತದೆ. ತೀರ ಹಿಂದೆ ಹೋಗದಿರಲೆಂದು ಎರಡೂಮುಕ್ಕಾಲು ವರ್ಷಕ್ಕೊಮ್ಮೆ ಅಧಿಕ ಮಾಸ ಸೇರಿಸಿ ಮುಂದೆ ತಳ್ಳುತ್ತೇವೆ. 2023ರಲ್ಲಿ ಅಧಿಕ ಶ್ರಾವಣ ಬಂತು. ಆದ್ದರಿಂದ 2024ರ ಯುಗಾದಿ ಏಪ್ರಿಲ್ 9ಕ್ಕೆ ಹೋಯಿತು. ಆ ಸಲ ಅದೇ 'ಬಂಜಿ' ಮರದ ಕೆಳಗೆ ಹೂವಿನ ಹಾಸಿಗೆ! ಮರ ತನ್ನ ಸೂರ್ಯನನ್ನು ನೋಡಿಕೊಂಡು ಸುಮ್ಮನೆ ನಿಂತಿತ್ತು. ಚಂದ್ರನ ಜೊತೆ ಹಿಂದೆ ಮುಂದೆ ಓಡಾಡಿದವರು ನಾವು. ತಪ್ಪು ಹೊರಿಸಿದ್ದು ಮಾತ್ರ ಮರದ ಮೇಲೆ.

ಹಾಗಾದರೆ ಕಾಲವೇನೂ ಕೆಟ್ಟಿಲ್ಲ ಎಂದು ನಿಶ್ಚಿಂತೆಯಾಗಿ ಇರಬಹುದೆ? ಅದೂ ಸಾಧ್ಯವಿಲ್ಲ. ಒಂದು ಮನೆಯ ಹನ್ನೊಂದು ಕ್ಯಾಲೆಂಡರಿನಿಂದ ಋತುಗಳ ಬಗ್ಗೆ ತೀರ್ಪು ಕೊಡಲಾಗದು. ಅದಕ್ಕೆ ಬಹಳ ದೀರ್ಘ ಲೆಕ್ಕ ಬೇಕು. ಅಂಥ ಲೆಕ್ಕ ಇಟ್ಟವರೂ ಇದ್ದಾರೆ. ಇಂಗ್ಲೆಂಡಿನ ನಾರ್ಫೋಕ್ ಎಂಬಲ್ಲಿ ರಾಬರ್ಟ್ ಮಾರ್ಶಮ್ ಎಂಬ ಜಮೀನುದಾರ 1736ರಲ್ಲಿ ವಸಂತದ ಗುರುತುಗಳನ್ನು ಬರೆಯಲು ಶುರುಮಾಡಿದ. ಓಕ್ ಮರ ಯಾವ ದಿನ ಎಲೆ ಬಿಟ್ಟಿತು, ಕಪ್ಪೆ ಯಾವ ದಿನ ಕೂಗಿತು, ಇಂಥವೇ. ಅವನ ನಂತರ ಮಕ್ಕಳು, ಮೊಮ್ಮಕ್ಕಳು, ಅವರ ಮಕ್ಕಳು 1958ರವರೆಗೂ ಆ ಕೆಲಸವನ್ನು ಮುಂದುವರಿಸಿದರು. ನಮ್ಮತ್ತೆಯವರ ಚೌಕಗಳಿಗೂ ಅವನ ಪುಸ್ತಕಕ್ಕೂ ಮನಸ್ಸಿನಲ್ಲಿ ವ್ಯತ್ಯಾಸವಿಲ್ಲ, ಉದ್ದದಲ್ಲಿ ಮಾತ್ರ.

ಆ ಲೆಕ್ಕದಿಂದ ತಿಳಿದದ್ದು ಇಷ್ಟು: ಚಳಿ ಬೇಗ ಹೋದ ವರ್ಷ ಓಕ್ ಬೇಗ ಚಿಗುರುತ್ತದೆ. ಭೂಮಿ ಬಿಸಿಯಾಗುತ್ತಿರುವ ಈಚಿನ ದಶಕಗಳಲ್ಲಿ ಅಲ್ಲಿನ ಮರಗಳು ಹಿಂದಿಗಿಂತ ಮೊದಲೇ ಎಲೆ ಬಿಡುತ್ತಿವೆ. ಬಿಟ್ಟರೆ ಬಿಡಲಿ, ಅದರಲ್ಲೇನು ಅನ್ನಬಹುದು. ಆದರೆ ಆ ಎಳೆಯ ಎಲೆಯನ್ನು ತಿಂದು ಬೆಳೆಯುವ ಹುಳುವಿದೆ. ಆ ಹುಳುವನ್ನು ಮರಿಗಳಿಗೆ ತಂದು ತಿನ್ನಿಸುವ ಪುಟ್ಟ ಹಕ್ಕಿಯಿದೆ. ಮರ ಮುಂದೆ ಹೋಗಿ, ಹುಳುವೂ ಅದರ ಹಿಂದೆ ಓಡಿ, ಹಕ್ಕಿ ಮಾತ್ರ ಹಿಂದುಳಿದರೆ ಮರಿಗಳು ಬಾಯಿ ತೆರೆಯುವ ಹೊತ್ತಿಗೆ ಹುಳು ಮುಗಿದಿರುತ್ತದೆ. ಅಲ್ಲಿ ತಪ್ಪಿದವರು ಯಾರು? ಮರವೂ ಅಲ್ಲ, ಹುಳುವೂ ಅಲ್ಲ, ಹಕ್ಕಿಯೂ ಅಲ್ಲ. ಮೂವರೂ ತಮಗೆ ತಿಳಿದಂತೆ ನಡೆದುಕೊಂಡಿದ್ದಾರೆ. ಮರಿ ಮಾತ್ರ ಉಪವಾಸ.

ಹೊತ್ತು ಎನ್ನುವುದು ಒಬ್ಬರ ಗುಣವಲ್ಲ, ಹಲವರ ನಡುವಿನ ಸಂಬಂಧ ಎಂದು ನನಗೆ ಆಗ ಅನ್ನಿಸಿತು. ನಮ್ಮ ಬೇವಿನ ಮರವೂ ಒಂಟಿಯಲ್ಲ. ಹೂವಿಗೆ ಜೇನು ಬರುತ್ತದೆ. ಮುಂಗಾರಿನ ಹೊತ್ತಿಗೆ ಹಳದಿಯಾಗುವ ಹಣ್ಣಿಗೆ ಗೊರವಂಕ, ಪಿಕಳಾರ, ಕೋಗಿಲೆ ಬರುತ್ತವೆ.

ಈಗ ನನ್ನ ಲೆಕ್ಕಕ್ಕೆ ಮೂರು ಮರಗಳಿವೆ. ತವರೂರು ಕುರುಗೋಡಿನಲ್ಲಿ, ಬಂಡೆಗುಡ್ಡದ ಬುಡದ ಒಣನೆಲದಲ್ಲಿ ಒಂದು. ದೊಡ್ಡಬಸವೇಶ್ವರನ ಗುಡಿಗೆ ಹೋಗುವಾಗಲೆಲ್ಲ ಅದರ ಕೆಳಗೆ ನಿಂತು ಬೆವರು ಒರೆಸಿಕೊಂಡವಳು ನಾನು. ಸಿರುಗುಪ್ಪದಲ್ಲಿ, ತುಂಗಭದ್ರೆಯ ಕಾಲುವೆ ನೀರು ಹರಿದು ಭತ್ತ ಬೆಳೆಯುವ ಗದ್ದೆಯ ಅಂಚಿನಲ್ಲಿ ಒಂದು. ಮೂರನೆಯದು ಬಳ್ಳಾರಿಯ ಅಂಗಳದ್ದು. ಮೂರೂ ಒಂದೇ ದಿನ ಹೂ ಬಿಟ್ಟಿದ್ದನ್ನು ನಾನು ಕಂಡಿಲ್ಲ. ಬಸ್ಸಿನಲ್ಲಿ ಒಂದೆರಡು ಗಂಟೆಯ ದಾರಿಯೊಳಗೇ ಮೂರು ಹೊತ್ತು! ನೆಲ ಬೇರೆ, ನೀರು ಬೇರೆ, ಬಿಸಿ ಬೇರೆ. ಪಡೆದದ್ದಕ್ಕೆ ತಕ್ಕಂತೆ ಮರ ಉತ್ತರ ಕೊಡುತ್ತದೆ. ನಾವು ಕೊಟ್ಟದ್ದೇನು ಎಂದು ಕೇಳಿಕೊಳ್ಳದೆ ಉತ್ತರ ತಡವಾಯಿತು ಎಂದು ಬೈಯುವುದು ನ್ಯಾಯವೆ?

ಇಲ್ಲಿ ನನ್ನದೇ ಒಂದು ತಪ್ಪನ್ನು ಹೇಳಿಕೊಳ್ಳಬೇಕು. ಎಲೆ ಗುಡಿಸಿ ಸಾಕಾಯಿತೆಂದು ಹಟ ಹಿಡಿದು ಅಂಗಳಕ್ಕೆಲ್ಲ ಸಿಮೆಂಟು ಹಾಕಿಸಿದವಳು ನಾನೇ. ಮರದ ಬುಡಕ್ಕೆ ಒಂದು ಮೊಳ ಮಣ್ಣನ್ನೂ ಬಿಡಲಿಲ್ಲ. ಸುರಿದ ಮಳೆ ಗಟಾರಕ್ಕೆ ಹೋಗುತ್ತದೆ. ರಾತ್ರಿ ಹತ್ತಾದರೂ ನೆಲ ಹಂಚಿನಂತೆ ಕಾದಿರುತ್ತದೆ. ಆ ಕಾವು ತಾಳದೆ ಒಳಗೆ ಏಸಿ ಹಾಕಿಕೊಂಡೆವು. ಅದು ತನ್ನ ಬಿಸಿಯನ್ನೆಲ್ಲ ಅದೇ ಮರದ ಕಡೆಗೆ ಊದುತ್ತದೆ. ಇಡೀ ಭೂಮಿಯ ಸರಾಸರಿ ಉಷ್ಣತೆ 2024ರಲ್ಲಿ, ಕಾರ್ಖಾನೆಗಳು ಬರುವ ಮುಂಚಿನ ಕಾಲಕ್ಕಿಂತ ಒಂದೂವರೆ ಡಿಗ್ರಿ ಮೀರಿತು ಎಂದು ಓದಿದಾಗ, ಅದೆಲ್ಲ ದೊಡ್ಡವರ ದೊಡ್ಡ ತಪ್ಪು ಅಂದುಕೊಂಡೆ. ಹೌದು, ದೊಡ್ಡವರದೇ ಹೆಚ್ಚು. ಆದರೆ ಅದರ ಒಂದು ತುಣುಕು ನನ್ನ ಅಂಗಳದಲ್ಲೂ ಬಿದ್ದಿದೆಯಲ್ಲ.

ಹೊತ್ತಿನ ಮಾತನ್ನು ಹೆಣ್ಣುಮಕ್ಕಳಾದ ನಾವು ಹುಟ್ಟಿದಾಗಿನಿಂದ ಕೇಳಿದ್ದೇವೆ. ಹೊತ್ತಿಗೆ ಸರಿಯಾಗಿ ಮೈನೆರೆಯಬೇಕು, ಹೊತ್ತಿಗೆ ಮದುವೆಯಾಗಬೇಕು, ವರ್ಷದೊಳಗೆ ತೊಟ್ಟಿಲು ಕಟ್ಟಬೇಕು. ಹೀಗೆ ಕೇಳಿಸಿಕೊಂಡು ನೊಂದ ನಾವೇ ಇನ್ನೊಬ್ಬಳ ಮುಂದೆ ಅದೇ ಮಾತಿಗೆ ನಗುತ್ತೇವೆ. ಅವತ್ತು ನಾನು ನಗದಿದ್ದರೆ ಮರವೇನೂ ಬೇಗ ಅರಳುತ್ತಿರಲಿಲ್ಲ. ಆದರೆ ಬೆಲ್ಲ ಕುಟ್ಟುವ ಆ ಸದ್ದು ಕೇಳಿಸುತ್ತಿರಲಿಲ್ಲ.

ಹೋದ ವರ್ಷ ಬೇಸಿಗೆಗೆ ಮುಂಚೆ ಕೂಲಿಯವನನ್ನು ಕರೆಸಿ ಮರದ ಸುತ್ತ ನಾಲ್ಕಡಿ ಸಿಮೆಂಟು ಒಡೆಸಿದೆ. ನೆಗೆಣ್ಣಿ ಬಂದಿದ್ದಳು. ಕಲ್ಲುಚೂರುಗಳನ್ನು ಪುಟ್ಟಿಗೆ ತುಂಬುತ್ತಾ, "ಅವತ್ತು ನಾನು ನಗಬಾರದಿತ್ತು" ಅಂದೆ. ಅವಳು ತಲೆ ಎತ್ತಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, "ಅಕ್ಕಾ, ಈಗ ಅದಕ್ಕ ನೀರು ಹಾಕು. ಹೂ ಯಾವಾಗ ಬರ್ತೈತೋ ಬರ್ಲಿ. ನೀ ಅದನ್ನ ಬರಕೊಂತ ಹೋಗು, ಕೇಳಬ್ಯಾಡ" ಅಂದಳು.

ಕ್ಯಾಲೆಂಡರು ಈಗ ಅಡುಗೆಮನೆಯ ಗೋಡೆಯ ಮೇಲಿದೆ. ಹಾಲಿನ ಲೆಕ್ಕದ ಪಕ್ಕದಲ್ಲಿ ಮೂರು ಊರಿನ ಮೂರು ಗುರುತು ಹಾಕುತ್ತೇನೆ. ಸಿರುಗುಪ್ಪದ್ದನ್ನು ನೆಗೆಣ್ಣಿ ಫೋನು ಮಾಡಿ ಹೇಳುತ್ತಾಳೆ.