ಆ ಅರ್ಧ ಗಂಟೆ ಯಾರದು?

ಕಥೆ ಬರೆಯುವ ಗಂಡಸರು ಸಭೆಗೆ ಬಂದರೆ ಜನ ಕೇಳುವುದು, "ಈಗ ಏನು ಬರೀತಾ ಇದ್ದೀರಿ ಸಾರ್?" ಎಂದು. ನಮ್ಮಂಥವರನ್ನು ಕೇಳುವ ಪ್ರಶ್ನೆಯೇ ಬೇರೆ. "ಮನೆ, ಮಕ್ಕಳು, ಸ್ಕೂಲು ಎಲ್ಲಾ ನೋಡ್ಕೊಂಡು ಬರೆಯೋಕೆ ಟೈಮ್ ಎಲ್ಲಿ ಸಿಗುತ್ತೆ ಮೇಡಂ?" ಕೇಳುವವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರುವುದಿಲ್ಲ. ಆದರೂ ಆ ಪ್ರಶ್ನೆಯೊಳಗೆ ಒಂದು ಲೆಕ್ಕ ಅಡಗಿದೆ. ಗಂಡಸಿನ ಹೊತ್ತು ಅವನದೇ. ಅದರಲ್ಲಿ ಏನು ಮಾಡಿದೆ ಎಂದಷ್ಟೇ ಕೇಳಬಹುದು. ಹೆಂಗಸಿನ ಹೊತ್ತು ಬೆಳಗಾಗುವ ಮೊದಲೇ ಹತ್ತು ಜನರಿಗೆ ಹಂಚಿಹೋಗಿರುತ್ತದೆ. ಅದರಲ್ಲಿ ಅರ್ಧ ಗಂಟೆ ಉಳಿಯಿತು ಎಂದರೆ ಎಲ್ಲಿಂದ ಬಂತು ಎಂದು ವಿಚಾರಿಸಬೇಕಾಗುತ್ತದೆ!

ಕಲೆಗೆ ದಿನದ ಅಭ್ಯಾಸ ಬೇಕು ಎಂಬುದರಲ್ಲಿ ತಕರಾರಿಲ್ಲ. ಸಂಗೀತಗಾರರು ರಿಯಾಜ್ ಎನ್ನುತ್ತಾರೆ, ಉರ್ದು ಖುಷ್‌ನವೀಸರು ಮಶ್ಕ್ ಎನ್ನುತ್ತಾರೆ. ಉರ್ದು ಶಾಲೆಯಲ್ಲಾಗಲಿ ಕನ್ನಡ ಶಾಲೆಯಲ್ಲಾಗಲಿ ನಾವು ದಿನಕ್ಕೊಂದು ಪುಟ ಕಾಪಿ ಬರೆಯುತ್ತಿದ್ದೆವು. ಎರಡು ದಿನ ಬಿಟ್ಟರೆ ಅಕ್ಷರ ಸೊಟ್ಟಗಾಗುತ್ತಿತ್ತು. ಸ್ವಲ್ಪವೇ ಆದರೂ ಬಿಡದೆ ಮಾಡುವ ಕೆಲಸ ಅಲ್ಲಾಹನಿಗೆ ಪ್ರಿಯ ಎಂಬ ಹದೀಸ್‌ನ ಆಶಯವನ್ನು ಮದ್ರಸಾದ ಮಕ್ಕಳೂ ಬಲ್ಲರು. ತಕರಾರು ಇರುವುದು ಆ ಸ್ವಲ್ಪವನ್ನು ಯಾರ ಪಾಲಿನಿಂದ ತೆಗೆಯಬೇಕು ಎಂಬಲ್ಲಿ.

ನಂಜನಗೂಡಿನಲ್ಲಿ ದೇವಸ್ಥಾನದ ಸುತ್ತಲ ಬೀದಿಗಳಲ್ಲಿ ನಸುಕಿನಲ್ಲಿ ನಡೆದರೆ ಮನೆ ಮನೆಯ ಮುಂದೆ ರಂಗೋಲಿ ಕಾಣುತ್ತದೆ. ಚುಕ್ಕಿ ಇಟ್ಟು, ಕೈ ಎತ್ತದೆ ಗೆರೆ ಎಳೆಯುವ ಆ ಕೈಚಳಕ ದಿನದಿನದ ಮಶ್ಕ್ ಇಲ್ಲದೆ ಬರುವಂಥದ್ದಲ್ಲ. ಮಧ್ಯಾಹ್ನದ ಹೊತ್ತಿಗೆ ಸೈಕಲ್ಲು, ಚಪ್ಪಲಿ ಎಲ್ಲ ಅದನ್ನು ಅಳಿಸಿಹಾಕಿರುತ್ತವೆ. ಮರುದಿನ ಮತ್ತೆ ಹೊಸದು. ಆ ಹೆಂಗಸರನ್ನು ಯಾರೂ ನಿಮಗೆ ಟೈಮ್ ಎಲ್ಲಿ ಸಿಗುತ್ತೆ ಎಂದು ಕೇಳಿದ್ದನ್ನು ನಾನು ಕಂಡಿಲ್ಲ. ಏಕೆಂದರೆ ರಂಗೋಲಿ ಮನೆಗೆಲಸದ ಲೆಕ್ಕಕ್ಕೆ ಸೇರಿದೆ, ಕಸ ಗುಡಿಸಿ ನೀರು ಹಾಕಿದ ಮೇಲಿನ ಕೆಲಸ ಅದು. ನಮ್ಮ ಮನೆಗಳಲ್ಲೂ ಹಾಗೆಯೇ. ದುಪಟ್ಟಾದ ಅಂಚಿಗೆ ಕ್ರೋಶಾ ಹಾಕುತ್ತಾ ಕುಳಿತ ಹುಡುಗಿಯನ್ನು "ಸುಘಡ್" ಎಂದು ಹೊಗಳುತ್ತಾರೆ. ಅದೇ ಹುಡುಗಿ ಅಷ್ಟೇ ಹೊತ್ತು ನೋಟ್‌ಬುಕ್ ಹಿಡಿದು ಕೂತರೆ ಅಡುಗೆಮನೆಯಿಂದ ಕೂಗು ಬರುತ್ತದೆ. ಕರ್ತವ್ಯದ ಹೆಸರಿನಲ್ಲಿ ಬಂದ ಕಲೆಗೆ ಬಾಗಿಲು ತೆರೆದಿದೆ, ತನ್ನದೇ ಹೆಸರಿನಲ್ಲಿ ಬಂದರೆ ಅದು ಹೊರಗೆ ಕಾಯಬೇಕು.

ಇಲ್ಲಿ ಎದುರುವಾದವನ್ನೂ ಕೇಳಬೇಕು, ಅದು ಹಗುರವಾದದ್ದಲ್ಲ. ಮನೆಯಲ್ಲಿ ಹಾಸಿಗೆ ಹಿಡಿದ ಅತ್ತೆ ಇದ್ದಾರೆ, ಪರೀಕ್ಷೆಗೆ ಓದುವ ಮಗ ಇದ್ದಾನೆ. ಯಾರೂ ಕೇಳದ ಕಥೆಗಾಗಿ ಅವರ ಹೊತ್ತನ್ನು ಕಿತ್ತುಕೊಳ್ಳುವುದು ಸ್ವಾರ್ಥವಲ್ಲವೇ? ಹಗಲೆಲ್ಲ ಉಪವಾಸ, ರಾತ್ರಿಯೆಲ್ಲ ನಮಾಜ್ ಎಂದು ಹಟ ಹಿಡಿದ ಒಬ್ಬ ಸಹಾಬಿಗೆ ಪ್ರವಾದಿಯವರು ದೇಹಕ್ಕೆ, ಕಣ್ಣಿಗೆ, ಹೆಂಡತಿಗೆ, ಅತಿಥಿಗೆ ನಿನ್ನ ಮೇಲೆ ಹಕ್ಕಿದೆ ಎಂದು ತಿಳಿಹೇಳಿದ ಪ್ರಸಂಗ ಪ್ರಸಿದ್ಧ. ಆರಾಧನೆಯೇ ಇತರರ ಪಾಲನ್ನು ನುಂಗಬಾರದು ಎಂದ ಮೇಲೆ ಕಥೆ, ಚಿತ್ರಗಳ ಮಾತೇನು? ಈ ವಾದ ಸರಿಯೇ. ಆದರೆ ಅದೇ ಪಟ್ಟಿಯಲ್ಲಿ ದೇಹವೂ ಇದೆ, ಕಣ್ಣೂ ಇದೆ ಎಂಬುದನ್ನು ಉಪದೇಶ ಮಾಡುವವರು ಬೇಗ ಮರೆಯುತ್ತಾರೆ. ತನಗೆ ತಾನು ಕೊಡಬೇಕಾದದ್ದೂ ಬಾಕಿಯೇ. ಕನ್ನಡದ 'ಹಕ್ಕು' ಅರಬ್ಬಿಯ 'ಹಕ್'ನಿಂದ ಬಂದದ್ದು. ಉರ್ದುವಿನಲ್ಲಿ ಅದಕ್ಕೆ ಸತ್ಯ ಎಂಬ ಅರ್ಥವೂ ಉಳಿದಿದೆ, ಕನ್ನಡಕ್ಕೆ ಬರುವಾಗ ಆ ಅರ್ಥ ದಾರಿಯಲ್ಲೇ ಕಳೆದುಹೋಯಿತು.

ಗಂಡಸರ ಕಲೆಗೆ ಹೊತ್ತು ಎಲ್ಲಿಂದ ಬರುತ್ತಿತ್ತು? ಟಿ. ನರಸೀಪುರ ತಾಲ್ಲೂಕಿನ ಸೋಮನಾಥಪುರಕ್ಕೆ ಹೋದವರು 13ನೇ ಶತಮಾನದ ಆ ಕೇಶವ ದೇವಾಲಯದ ವಿಗ್ರಹಗಳ ಪೀಠದಲ್ಲಿ ಮಲ್ಲಿತಮ್ಮ ಎಂಬ ಶಿಲ್ಪಿಯ ಹೆಸರನ್ನು ನೋಡಿರಬಹುದು. ಒಂದೆರಡಲ್ಲ, ಅನೇಕ ವಿಗ್ರಹಗಳ ಮೇಲಿದೆ. 2023ರಲ್ಲಿ ಆ ಗುಡಿ ವಿಶ್ವ ಪರಂಪರೆಯ ಪಟ್ಟಿಗೂ ಸೇರಿತು. ಮಲ್ಲಿತಮ್ಮನಿಗೆ ಕಲೆಯೇ ಕಸುಬು, ಬೇರೆ ಹೊತ್ತು ಹುಡುಕಬೇಕಾಗಿರಲಿಲ್ಲ. ಅವನಿಗೆ ಮುದ್ದೆ ಮಾಡಿ ಹಾಕಿದವರ ಹೆಸರು ಮಾತ್ರ ಯಾವ ಪೀಠದ ಮೇಲೂ ಇಲ್ಲ. ಇಂಗ್ಲಿಷ್ ಕಾದಂಬರಿಕಾರ ಆಂಥೋನಿ ಟ್ರಾಲಪ್ ಅಂಚೆ ಇಲಾಖೆಯ ನೌಕರಿ ಮಾಡುತ್ತಲೇ ದಿನವೂ ಬೆಳಿಗ್ಗೆ 5:30ಕ್ಕೆ ಮೇಜಿನ ಮುಂದೆ ಕುಳಿತು, ಗಡಿಯಾರ ಇಟ್ಟುಕೊಂಡು ಬರೆದು, 47 ಕಾದಂಬರಿ ಮುಗಿಸಿದವನು. ಶಿಸ್ತಿನ ಮಾತು ಬಂದಾಗಲೆಲ್ಲ ಅವನ ಉದಾಹರಣೆ ಕೊಡುತ್ತಾರೆ. ಆದರೆ ಅವನನ್ನು ಎಬ್ಬಿಸಿ ಕಾಫಿ ತಂದುಕೊಡಲು ಒಬ್ಬ ಮುದಿ ಕುದುರೆಯಾಳು ಇದ್ದ. ಅದಕ್ಕಾಗಿ ಅವನಿಗೆ ವರ್ಷಕ್ಕೆ 5 ಪೌಂಡ್ ಹೆಚ್ಚು ಕೊಡುತ್ತಿದ್ದುದಾಗಿ ಟ್ರಾಲಪ್ಪನೇ ಆತ್ಮಕಥೆಯಲ್ಲಿ ಬರೆದಿದ್ದಾನೆ, ತನ್ನ ಯಶಸ್ಸಿಗೆ ಎಲ್ಲರಿಗಿಂತ ಆ ಆಳಿಗೇ ಹೆಚ್ಚು ಋಣಿಯೇನೋ ಎಂದೂ ಒಪ್ಪಿಕೊಂಡಿದ್ದಾನೆ. ಪ್ರಾಮಾಣಿಕ ಮನುಷ್ಯ. ನಮ್ಮಲ್ಲಿ ಆ ಕಾಫಿಗೆ 5 ಪೌಂಡೂ ಇಲ್ಲ, ಆತ್ಮಕಥೆಯಲ್ಲಿ ಒಂದು ಸಾಲೂ ಇಲ್ಲ.

ಮೈಸೂರಿನ ತ್ರಿವೇಣಿ 1953ರಲ್ಲಿ 'ಅಪಸ್ವರ' ಪ್ರಕಟಿಸಿ, ಮುಂದಿನ ಹತ್ತು ವರ್ಷಗಳಲ್ಲಿ ಸುಮಾರು 20 ಕಾದಂಬರಿ ಬರೆದರು. 1963ರಲ್ಲಿ ಮಗು ಹುಟ್ಟಿದ ಕೆಲವೇ ದಿನಗಳಲ್ಲಿ ತೀರಿಕೊಂಡಾಗ ಅವರಿಗೆ 35 ತುಂಬಿರಲಿಲ್ಲ. ಎಂ. ಕೆ. ಇಂದಿರಾ ಅವರ 'ತುಂಗಭದ್ರಾ' ಬಂದದ್ದು ಅದೇ 1963ರಲ್ಲಿ, ಆಗ ಅವರಿಗೆ 46ರ ಆಸುಪಾಸು. ಕಾಸರಗೋಡಿನಲ್ಲಿ 1936ರಲ್ಲಿ ಹುಟ್ಟಿದ ಸಾರಾ ಅಬೂಬಕ್ಕರ್ ಅವರ ಮೊದಲ ಬರಹ ಲಂಕೇಶ್ ಪತ್ರಿಕೆಯಲ್ಲಿ ಅಚ್ಚಾದದ್ದು 1981ರಲ್ಲಿ. ಅಲ್ಲಿಯವರೆಗೆ ಅವರೊಳಗೆ ಕಥೆಗಳಿರಲಿಲ್ಲ ಎಂದು ನಂಬಲು ನಾನು ಸಿದ್ಧಳಿಲ್ಲ. 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪಡೆದ ಬಾನು ಮುಷ್ತಾಕ್ ಅವರ ಸಂಕಲನದ 12 ಕಥೆಗಳು 1990ರಿಂದ 2023ರವರೆಗಿನ ಅವಧಿಯಲ್ಲಿ ಬರೆದವು. ತಡವಾದರೂ ಬಂದವರನ್ನು ನಾವು ಎಣಿಸುತ್ತೇವೆ. ಬಾರದೇ ಉಳಿದವರನ್ನು ಎಣಿಸುವುದು ಹೇಗೆ?

ದಿನವೂ ಬರೆಯಲೇಬೇಕೆಂದೇನು, ನಮ್ಮ ನಂಜನಗೂಡು ತಾಲ್ಲೂಕಿನ ದೇವನೂರ ಮಹಾದೇವ ಅವರನ್ನೇ ನೋಡಿ ಎನ್ನುವವರಿದ್ದಾರೆ. ನಿಜ. 'ದ್ಯಾವನೂರು', 'ಒಡಲಾಳ', 'ಕುಸುಮಬಾಲೆ' ಮೂರನ್ನೂ ಒಂದೇ ಕೈಯಲ್ಲಿ ಹಿಡಿಯಬಹುದು, ಕನ್ನಡ ಕಥನದ ದಿಕ್ಕು ಬದಲಿಸಲು ಅಷ್ಟು ಸಾಕಾಯಿತು. ಆದರೆ ಬರೆಯದೆ ಚಳವಳಿಗೆ ಹೋಗುವುದು ಅವರು ಮಾಡಿಕೊಂಡ ಆಯ್ಕೆ. ಆಯ್ಕೆಯೇ ಇಲ್ಲದೆ ಸುಮ್ಮನಿರುವುದನ್ನು ಅದರ ಪಕ್ಕದಲ್ಲಿಟ್ಟು ಸಮಾಧಾನ ಹೇಳುವುದು ಸರಿಯಲ್ಲ.

"ಬೆಳಿಗ್ಗೆ ನಾಲ್ಕಕ್ಕೆ ಎದ್ದು ಬರೆಯಿರಿ" ಎಂಬ ಸಲಹೆ ನನಗೆ ಹಿಡಿಸುವುದಿಲ್ಲ. ಟಿ. ನರಸೀಪುರದಲ್ಲಿ ಸರ್ಕಾರಿ ರೇಷ್ಮೆ ನೂಲು ತೆಗೆಯುವ ಕಾರ್ಖಾನೆ ಇದೆ. ಮೈಸೂರು ಸಿಲ್ಕ್ ಸೀರೆಯ ನುಣುಪಿನ ಹಿಂದೆ ಬಿಸಿನೀರಿನಲ್ಲಿ ಗೂಡು ಬೇಯಿಸಿ ಎಳೆ ಹಿಡಿಯುವ ಬೆರಳುಗಳಿವೆ. ಅಂಥ ಕೆಲಸ ಮುಗಿಸಿ, ಮನೆಯ ಒಲೆಯ ಮುಂದೆ ಎರಡನೇ ಪಾಳಿ ಮುಗಿಸಿದವಳಿಗೆ ನಿದ್ದೆಯಲ್ಲೂ ಒಂದು ಗಂಟೆ ಕಡಿಮೆ ಮಾಡಿಕೋ ಎನ್ನುವುದು ಉಪದೇಶವಲ್ಲ, ಕ್ರೌರ್ಯ. ಕಣ್ಣಿಗೂ ಹಕ್ಕಿದೆ ಎಂದ ಮೇಲೆ ಅವಳ ಕಣ್ಣಿಗೂ ಇರಲೇಬೇಕಲ್ಲ. ಅವಳ ಅರ್ಧ ಗಂಟೆ ಅವಳ ನಿದ್ದೆಯಿಂದ ಬರಕೂಡದು, ಮನೆಯ ಉಳಿದವರ ಪುರುಸೊತ್ತಿನಿಂದ ಬರಬೇಕು. ಟಿ.ವಿ. ಮುಂದೆ, ಮೊಬೈಲ್ ಮುಂದೆ, ಹೋಟೆಲಿನ ಕಟ್ಟೆಯ ಮೇಲೆ ಅದು ಬೇಕಾದಷ್ಟು ಬಿದ್ದಿದೆ.

ಮಗ್ರಿಬ್‌ನಿಂದ ಇಶಾದವರೆಗಿನ ಹೊತ್ತನ್ನೇ ತೆಗೆದುಕೊಳ್ಳಿ. ಗಂಡ ಬಂದಿರುತ್ತಾನೆ, ಮಕ್ಕಳು ಹೋಮ್‌ವರ್ಕ್ ಹಿಡಿದಿರುತ್ತಾರೆ, ಒಲೆಯ ಮೇಲೆ ಹಾಲಿರುತ್ತದೆ. ಅವಳು ಒಳಕೋಣೆಯಲ್ಲಿ ನೋಟ್‌ಬುಕ್ ತೆರೆದು ಕೂತಿದ್ದಾಳೆ ಎಂದಿಟ್ಟುಕೊಳ್ಳೋಣ. ಹಾಲು ಉಕ್ಕುವ ಸದ್ದು ಎಲ್ಲರಿಗೂ ಒಂದೇ ಥರ ಕೇಳಿಸುತ್ತದೆ. ಗ್ಯಾಸಿನ ಗುಬ್ಬಿ ತಿರುಗಿಸಲು ಹತ್ತು ವರ್ಷದ ಹುಡುಗನಿಗೂ ಬರುತ್ತದೆ, ಅವನ ಅಪ್ಪನಿಗಂತೂ ಬಂದೇ ಬರುತ್ತದೆ.