ತರುಣರ ಮನಃಕ್ಲೇಶವೂ ಮಾತಾಪಿತೃಗಳ ಕರ್ತವ್ಯವೂ

ಭಗವದ್ಗೀತೆಯ ಪಾರಾಯಣ ನಡೆಯುವ ಮನೆಗಳು ಸಾಗರ, ಹೊಸನಗರ, ತೀರ್ಥಹಳ್ಳಿಯ ಸೀಮೆಗಳಲ್ಲಿ ಇಂದಿಗೂ ಕಡಮೆಯಿಲ್ಲ. ಆದರೆ ಮೊದಲನೆಯ ಅಧ್ಯಾಯವನ್ನು ಪೀಠಿಕೆಯೆಂದೆಣಿಸಿ ಬೇಗನೆ ದಾಟಿಬಿಡುವುದೇ ಹೆಚ್ಚು. ಅಲ್ಲಿ ಅರ್ಜುನನು ತನ್ನ ಶರೀರದ ಅವಸ್ಥೆಯನ್ನು ಹೇಳಿಕೊಳ್ಳುವ ಭಾಗವನ್ನು ಸಾವಕಾಶವಾಗಿ ನೋಡತಕ್ಕದ್ದು. ಅವಯವಗಳು ಕುಸಿಯುತ್ತವೆ, ಬಾಯಿ ಒಣಗುತ್ತದೆ, ಮೈ ನಡುಗುತ್ತದೆ, ಚರ್ಮ ಉರಿಯುತ್ತದೆ, ಗಾಂಡೀವವು ಕೈಯಿಂದ ಜಾರುತ್ತದೆ, ಮನಸ್ಸು ಸುತ್ತುತ್ತದೆ. ಪರೀಕ್ಷೆಯ ಹಿಂದಿನ ರಾತ್ರಿ ಹದಿನೇಳು ವರ್ಷದ ಬಾಲಕನು ತಾಯಿಯ ಮುಂದೆ ಹೇಳಿಕೊಳ್ಳುವ ಲಕ್ಷಣಗಳು ಇವಕ್ಕಿಂತ ಬೇರೆಯಲ್ಲ. ಇದು ಹೇಡಿಗಳ ವ್ಯಾಧಿಯೆನ್ನುವವರು ಯಾರ ಬಾಯಿಂದ ಈ ಮಾತು ಬಂದಿತೆಂಬುದನ್ನು ಒಮ್ಮೆ ಸ್ಮರಿಸುವುದು ಒಳ್ಳೆಯದು.

ಈ ಕ್ಲೇಶವು ವಿರಳವೂ ಅಲ್ಲ. 2015-16ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯು, 13ರಿಂದ 17ರ ವಯಸ್ಸಿನವರಲ್ಲಿ ನೂರಕ್ಕೆ ಏಳಕ್ಕಿಂತ ತುಸು ಹೆಚ್ಚು ಮಂದಿಯಲ್ಲಿ ಒಂದಲ್ಲ ಒಂದು ಮಾನಸಿಕ ವ್ಯಾಧಿಯನ್ನು ಕಂಡಿತು. ಅನಂತರ ಬಂದ ಕೋವಿಡ್ ಕಾಲದಲ್ಲಿ, 2020ರ ಒಂದೇ ವರ್ಷದಲ್ಲಿ, ಆತಂಕವೂ ಖಿನ್ನತೆಯೂ ಲೋಕದಲ್ಲಿ ಸುಮಾರು ಕಾಲುಭಾಗದಷ್ಟು ಏರಿದುವೆಂದೂ ತರುಣರು ಅದಕ್ಕೆ ವಿಶೇಷವಾಗಿ ಗುರಿಯಾದರೆಂದೂ ವಿಶ್ವ ಆರೋಗ್ಯ ಸಂಸ್ಥೆಯು ಹೇಳಿತು.

ಹಿರಿಯರು ಇದಕ್ಕೆ ಒಂದು ಆಕ್ಷೇಪವನ್ನು ತರುವುದುಂಟು. ಲಿಂಗನಮಕ್ಕಿಯ ಅಣೆಕಟ್ಟು 1964ರಲ್ಲಿ ಮುಗಿದು ಶರಾವತಿಯ ನೀರು ನಿಂತಾಗ ಮನೆ, ಗದ್ದೆ, ದೇವರ ಗುಡಿ ಎಲ್ಲವನ್ನೂ ಬಿಟ್ಟು ಎದ್ದು ಬಂದವರು ಹೀಗೆ ಹೆದರಲಿಲ್ಲವಲ್ಲ. ಹೊತ್ತಿಗೆ ಸರಿಯಾಗಿ ಅನ್ನವೂ ಕೈಯಲ್ಲಿ ಮೊಬೈಲೂ ಇರುವ ಇಂದಿನವರಿಗೆ ಏತರ ಭಯ? ಎಂದು. ಆಕ್ಷೇಪವು ಕೇಳುವುದಕ್ಕೆ ಬಲವಾಗಿದೆ. ಆದರೆ ಮುಳುಗಡೆಯ ದುಃಖವು ಕಣ್ಣಿಗೆ ಕಾಣುವಂಥದು. ಊರಿಗೆ ಊರೇ ಒಟ್ಟಾಗಿ ಅದನ್ನು ಹೊತ್ತಿತು. ಅತ್ತರೆ ನೆರೆಯವನೂ ಅಳುತ್ತಿದ್ದನು. ಇಂದಿನ ಬಾಲಕನ ಅಂಕಪಟ್ಟಿಯಾದರೋ ಅವನೊಬ್ಬನ ಕೈಯ ಯಂತ್ರಕ್ಕೆ ಬಂದು ಬೀಳುತ್ತದೆ. ಅದರ ಪಕ್ಕದಲ್ಲೇ ಇತರರ ಜಯಘೋಷವೂ ಬಂದು ನಿಲ್ಲುತ್ತದೆ. ಏಕಾಂಗಿಯಾಗಿ ಹೊತ್ತದ್ದು ಹಗುರವಾದರೂ ಭಾರವೇ. (ಮುಳುಗಡೆಯವರು ಹೆದರಲಿಲ್ಲವೆಂಬುದೂ ಪೂರ್ತಿ ನಿಜವಲ್ಲ, ಅವರು ಹೇಳಿಕೊಳ್ಳಲಿಲ್ಲ, ಅಷ್ಟೆ.)

ಭಯಕ್ಕೆ ಪರೀಕ್ಷೆಯೇ ಕಾರಣವೆಂಬ ಮಾತನ್ನೂ ವಿಚಾರಿಸಿ ನೋಡಬೇಕು. 2024ರಲ್ಲಿ ನಮ್ಮ ರಾಜ್ಯದಲ್ಲಿ ಹತ್ತನೆಯ ತರಗತಿಗೂ ದ್ವಿತೀಯ ಪಿಯುಸಿಗೂ ವರ್ಷಕ್ಕೆ ಮೂರು ಪರೀಕ್ಷೆಗಳ ಏರ್ಪಾಡು ಬಂದಿತು. ಒಂದು ತಪ್ಪಿದರೆ ವರ್ಷವೇ ಹೋಯಿತೆಂಬ ಹಿಂದಿನ ಸ್ಥಿತಿಯು ಸಡಿಲವಾಯಿತು. ಭಯವು ಅದೇ ಪ್ರಮಾಣದಲ್ಲಿ ಇಳಿಯಿತೆಂದು ಯಾವ ಮನೆಯವರೂ ಹೇಳುತ್ತಿಲ್ಲ. ಆದಕಾರಣ ಅದರ ಬೇರು ಪರೀಕ್ಷೆಯ ಕೋಣೆಯಲ್ಲಿ ಮಾತ್ರ ಇರುವುದಲ್ಲ. ಮನೆಯ ಜಗುಲಿಯಲ್ಲಿಯೂ ಇರಬಹುದು.

ಆ ಜಗುಲಿಯ ಮಾತುಗಳನ್ನು ಕೇಳಿರಿ. ಮಳೆಗಾಲದ ಕೊಳೆರೋಗವು ಹಳೆಯ ಶತ್ರು. ಬೋರ್ಡೋ ಹೊಡೆದು ಅದರೊಡನೆ ಬಾಳುವುದನ್ನು ನಮ್ಮವರು ಕಲಿತಿದ್ದರು. ಈಚಿನ ವರ್ಷಗಳಲ್ಲಿ ಎಲೆಚುಕ್ಕೆ ರೋಗವು ಮೂರೂ ತಾಲ್ಲೂಕುಗಳ ಅಡಕೆ ತೋಟಗಳನ್ನು ಹಿಡಿದಿದೆ. ಹೆಡೆಗಳು ಒಣಗಿದ ತೋಟದಿಂದ ಹಿಂದಿರುಗಿದ ತಂದೆಯು, “ಈ ತೋಟವನ್ನು ನಂಬಬೇಡ ಮಗಾ, ನೀನಾದರೂ ಓದಿ ದಡ ಸೇರು” ಎನ್ನುವನು. ವಾತ್ಸಲ್ಯದಿಂದಲೇ ಹೇಳುವ ಮಾತು. ಅದರಲ್ಲಿ ಬ್ಯಾಂಕಿನ ಸಾಲವೂ ಅಡಕೆಯ ಧಾರಣೆಯೂ ತಂದೆಯ ನಿದ್ರೆಯಿಲ್ಲದ ರಾತ್ರಿಗಳೂ ಅಡಗಿರುವುವು. ಮಗನು ಅಷ್ಟನ್ನೂ ಕೇಳಿಸಿಕೊಳ್ಳುವನು. ಬಳಿಕ ಅವನನ್ನು ಘಟ್ಟದ ಕೆಳಗಿನ ಯಾವುದಾದರೂ ವಸತಿ ಕಾಲೇಜಿಗೆ ಕಳುಹಿಸುವರು. ಅದೇ ಸಂಜೆ ಅಜ್ಜಿಯು, “ಎಲ್ಲರೂ ಹೊರಟುಹೋದರೆ ಈ ಮನೆಯಲ್ಲಿ ದೀಪ ಹಚ್ಚುವವರು ಯಾರು?” ಎಂದು ಕಣ್ಣೊರಸಿಕೊಳ್ಳುವಳು. ಹೋಗು ಎಂಬುದೊಂದು ಆಜ್ಞೆ, ಹೋಗಬೇಡ ಎಂಬುದೊಂದು ಆಜ್ಞೆ. ಎರಡನ್ನೂ ಪಾಲಿಸಬಯಸುವ ಒಳ್ಳೆಯ ಮಗುವೇ ಹೆಚ್ಚು ಬಳಲುವುದು. ಒರಟನಿಗೆ ಈ ತೊಂದರೆಯಿಲ್ಲ.

ಕಠೋಪನಿಷತ್ತಿನಲ್ಲಿ ತಂದೆಯ ಸಿಟ್ಟಿನ ಒಂದು ಮಾತಿನಿಂದ ನಚಿಕೇತನು ಯಮನ ಬಾಗಿಲಿಗೆ ಹೋದನು. ಮೂರು ವರಗಳು ದೊರೆತಾಗ ಆತ್ಮವಿದ್ಯೆಯನ್ನು ಕೇಳಿದ್ದು ಮೂರನೆಯದರಲ್ಲಿ. ಮೊದಲನೆಯದರಲ್ಲಿ ಬೇಡಿದ್ದು, ತನ್ನ ತಂದೆಯ ಮನಸ್ಸು ಶಾಂತವಾಗಲಿ, ಹಿಂದಿರುಗಿದಾಗ ತನ್ನನ್ನು ಗುರುತಿಸಿ ಪ್ರೀತಿಯಿಂದ ಮಾತಾಡಿಸಲಿ ಎಂದು. ಮೃತ್ಯುವಿನ ಮನೆಯಲ್ಲಿ ನಿಂತ ಬಾಲಕನಿಗೂ ಮೊದಲ ಚಿಂತೆ ತಂದೆಯ ಚಿಂತೆಯೇ ಆಗಿತ್ತು.

ಇದನ್ನು ಈಗಿನ ಶಾಸ್ತ್ರವೂ ಒಂದು ಬಗೆಯಲ್ಲಿ ಸಮರ್ಥಿಸುತ್ತದೆ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಲೆಬೊವಿಟ್ಸ್ ಮೊದಲಾದವರು 2019ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಆತಂಕವ್ಯಾಧಿಯುಳ್ಳ 124 ಮಕ್ಕಳನ್ನು ಎರಡು ಪಂಗಡವಾಗಿ ಮಾಡಿ, ಒಂದರಲ್ಲಿ ಮಕ್ಕಳಿಗೆ ಚಿಕಿತ್ಸೆಯನ್ನೂ ಮತ್ತೊಂದರಲ್ಲಿ ತಂದೆತಾಯಿಗಳಿಗೆ ಮಾತ್ರ ಶಿಕ್ಷಣವನ್ನೂ ಕೊಟ್ಟರು. ಎರಡನೆಯ ಪಂಗಡದ ಮಕ್ಕಳು ವೈದ್ಯರೆದುರು ಚಿಕಿತ್ಸೆಗೆ ಕೂರದಿದ್ದರೂ ಮೊದಲನೆಯವರಷ್ಟೇ ಗುಣ ಕಂಡರು. ಅಲ್ಲಿ ಕಲಿಸಿದ್ದು ಎರಡು ಸಂಗತಿ: ಮಗುವಿನ ಸಂಕಟ ನಿಜವೆಂದು ಒಪ್ಪುವುದು, ಆದರೆ ಅದು ಹೆದರುವ ಸಂದರ್ಭಗಳನ್ನೆಲ್ಲ ತಾವೇ ಮುಂದೆ ನಿಂತು ತಪ್ಪಿಸುವುದನ್ನು ಕ್ರಮೇಣ ಬಿಡುವುದು. ಹೊಟ್ಟೆನೋವೆಂದ ಮಗುವನ್ನು ಪ್ರತಿಸಲವೂ ಶಾಲೆಯಿಂದ ಬಿಡಿಸಿದರೆ ನೋವು ಆ ದಿನ ತಗ್ಗುತ್ತದೆ, ಮರುದಿನ ಶಾಲೆಯು ಮತ್ತಷ್ಟು ಭಯಂಕರವಾಗುತ್ತದೆ. ಬಯ್ದು ಅಟ್ಟುವವರೂ ಮುದ್ದಿನಿಂದ ಕೂರಿಸಿಕೊಳ್ಳುವವರೂ ಒಂದೇ ಕಡೆ ಎಡವುವರು. ಇಬ್ಬರಿಗೂ ಬೇಕಾದುದು ಆ ಹೊತ್ತಿನ ಗಲಾಟೆ ನಿಲ್ಲುವುದು.

ಇನ್ನು ಗೀತೆಗೆ ಬಂದರೆ, ಶ್ರೀಕೃಷ್ಣನು ಮೊದಲು ಆಡಿದ್ದು ಗದರಿಕೆಯ ಮಾತು. ಈ ದೌರ್ಬಲ್ಯವು ನಿನಗೆ ತಕ್ಕದ್ದಲ್ಲ, ಏಳು ಎಂದು. ಅದರಿಂದ ಫಲವಾಗಲಿಲ್ಲವೆಂಬುದನ್ನು ನಮ್ಮ ಮಾತಾಪಿತೃಗಳು ಗಮನಿಸಿದಂತಿಲ್ಲ. ಅರ್ಜುನನು ತನ್ನ ದುಃಖವನ್ನೇ ಮತ್ತೆ ಹೇಳಿ, ಯುದ್ಧ ಮಾಡೆನೆಂದು ಸುಮ್ಮನಾದನು. ಜಗದ್ಗುರುವಿನ ಗದರಿಕೆಯೇ ನಾಟದಿರುವಲ್ಲಿ ಸಾಮಾನ್ಯ ತಂದೆಯದು ನಾಟೀತೆ? ಉಪದೇಶವು ಪ್ರಾರಂಭವಾದದ್ದು ಅವನು ಎಲ್ಲವನ್ನೂ ಹೇಳಿ ಮುಗಿಸಿ, ತಾನಾಗಿ ದಾರಿಯನ್ನು ಕೇಳಿದ ಮೇಲೆ. ಕೊನೆಗೂ ನಿನಗೆ ತೋರಿದಂತೆ ಮಾಡು ಎಂದು ನಿರ್ಧಾರವನ್ನು ಅವನಿಗೇ ಬಿಟ್ಟನು. ರಥವನ್ನು ನಿಲ್ಲಿಸಿಕೊಂಡು ಕೇಳುವ ಸೈರಣೆ ನಮ್ಮಲ್ಲಿ ಅಪರೂಪ. ದೂರದಿಂದ ಮಗಳು ಫೋನು ಮಾಡಿದರೆ ಉಂಡೆಯಾ, ಓದಿದೆಯಾ, ಎಷ್ಟು ಅಂಕ ಬಂತು ಎಂಬ ಮೂರು ಪ್ರಶ್ನೆಗಳಲ್ಲಿ ಸಂಭಾಷಣೆ ಮುಗಿಯುವುದು. ನಾಲ್ಕನೆಯದಕ್ಕೆ ಅವಳು ಕಾದಿರಬಹುದು.

ಮನೆಯ ಉಪಾಯಗಳು ಸಾಲದ ಸಂದರ್ಭಗಳೂ ಉಂಟು. ವಾರಗಟ್ಟಲೆ ನಿದ್ರೆಯಿಲ್ಲದಿದ್ದರೆ, ಊಟ ಬಿಟ್ಟರೆ, ಬದುಕು ಬೇಡವೆಂಬ ಮಾತು ಬಾಯಿಗೆ ಬಂದರೆ, ಅಂದೇ ವೈದ್ಯರನ್ನು ಕಾಣಬೇಕು. ನೇರವಾಗಿ ಕೇಳಿದರೆ ಇಲ್ಲದ ಯೋಚನೆ ಹುಟ್ಟುವುದೆಂಬ ಶಂಕೆಗೆ ಆಧಾರವಿಲ್ಲ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗವಿದೆ. 2022ರ ಅಕ್ಟೋಬರಿನಲ್ಲಿ ಪ್ರಾರಂಭವಾದ ಸರ್ಕಾರದ ಟೆಲಿ ಮಾನಸ್ ಸೇವೆಯು 14416 ಎಂಬ ಸಂಖ್ಯೆಯಲ್ಲಿ ಹಗಲಿರುಳೂ ಶುಲ್ಕವಿಲ್ಲದೆ ಕನ್ನಡದಲ್ಲಿಯೂ ದೊರೆಯುತ್ತದೆ. ಇವುಗಳಿದ್ದರೂ ಅನೇಕರು ಹೋಗದಿರುವುದು ದೂರದಿಂದಲ್ಲ, ದುಡ್ಡಿನಿಂದಲೂ ಅಲ್ಲ; ಹೊರಗೆ ತಿಳಿದರೆ ಮುಂದೆ ಸಂಬಂಧ ಕೂಡಿಬಾರದೆಂಬ ಅಂಜಿಕೆಯಿಂದ. ಮಗಳಿಗೆ ಜ್ವರ ಬಂದರೆ ಊರೆಲ್ಲ ಹೇಳಿಕೊಳ್ಳುವ ಮನೆಯವರು ಇದನ್ನು ಮಾತ್ರ ಬಾಗಿಲು ಮುಚ್ಚಿ ಆಡುವರು. ಆ ಮುಚ್ಚಿದ ಬಾಗಿಲ ಒಳಗಡೆ ಮಲಗಿರುವವಳಿಗೆ ತನ್ನದು ವ್ಯಾಧಿಯೋ ಅಪರಾಧವೋ ಎಂಬುದು ತಿಳಿಯದೆ ಉಳಿಯುತ್ತದೆ.