ಊಟ ಆಯ್ತಾ?

ವೈಟ್‌ಫೀಲ್ಡ್‌ನ ನಮ್ಮ ಕಚೇರಿಗೆ ಕೊರಿಯಾದಿಂದ ಬಂದಿದ್ದ ಗೆಳೆಯ ದಿನವೂ ಕೇಳುತ್ತಿದ್ದ: 'ಬಾಪ್ ಮೊಗೊಸ್ಸೊಯೊ?' ಬಾಪ್ ಎಂದರೆ ಅನ್ನ. ನಮ್ಮ 'ಊಟ ಆಯ್ತಾ?' ಹಾಗೆ ಅದೂ ಕುಶಲ ವಿಚಾರಣೆ.

ಒಮ್ಮೆ ಕೊರಿಯನ್ ಹೋಟೆಲಿಗೆ ಕರೆದೊಯ್ದ. ನಾನು ಸಸ್ಯಾಹಾರಿ. ಕಿಮ್ಚಿ ನೋಡಲು ಎಲೆಕೋಸಿನ ಉಪ್ಪಿನಕಾಯಿಯಂತಿದ್ದರೂ ಅದರಲ್ಲಿ ಸಾಮಾನ್ಯವಾಗಿ ಉಪ್ಪಿನ ಸೀಗಡಿಯೋ ಮೀನಿನ ರಸವೋ ಇರುತ್ತದೆಂದು ಅವನೇ ಎಚ್ಚರಿಸಿದ. ನನಗೆಂದು ಮೊಟ್ಟೆ, ಮಾಂಸವಿಲ್ಲದ ಬಿಬಿಂಬಾಪ್ ಹೇಳಿದ. ಮರುವಾರ ತಾನೇ ಸೀಗಡಿಯಿಲ್ಲದ ಕಿಮ್ಚಿ ಮಾಡಿ ಡಬ್ಬಿಯಲ್ಲಿ ತಂದುಕೊಟ್ಟ. ದಕ್ಷಿಣ ಕೊರಿಯಾದ 'ಕಿಮ್ಜಾಂಗ್' ಅನ್ನು ಯುನೆಸ್ಕೋ 2013ರಲ್ಲಿ ಪರಂಪರೆಯ ಪಟ್ಟಿಗೆ ಸೇರಿಸಿತು. ಕಿಮ್ಜಾಂಗ್ ಎಂದರೆ ಕಿಮ್ಚಿ ಮಾಡುವುದಷ್ಟೇ ಅಲ್ಲ, ಹಂಚುವುದೂ ಹೌದು.

ಎರಡು ವರ್ಷದಲ್ಲಿ ನಾನು ಅವನನ್ನು ಒಮ್ಮೆಯೂ ಮನೆಗೆ ಕರೆಯಲಿಲ್ಲ. ಅಮ್ಮ ಏನೆನ್ನುವಳೋ ಎಂಬ ನೆಪ. ಅವನು ಸೋಲ್‌ಗೆ ಮರಳಿದ ಮೇಲೆ ಹೇಳಿದೆ. 'ಕರ್ಕೊಂಡು ಬರೋದಲ್ವೇನೋ?' ಅಂದಳು ಅಮ್ಮ.

ಏನನ್ನು ತಿನ್ನುವುದಿಲ್ಲ ಎಂಬುದು ನನ್ನ ನಿಯಮ. ಅದರಲ್ಲಿ ತಪ್ಪು ಕಾಣೆ. ಯಾರೊಡನೆ ತಿನ್ನುವುದಿಲ್ಲ ಎಂಬುದು ಬೇರೆಯೇ ಮಾತು. ಮೊದಲನೆಯದರ ಮರೆಯಲ್ಲಿ ಎರಡನೆಯದು ನನ್ನೊಳಗೆ ಬೆಳೆದಿತ್ತು. 'ಇಲ್ಲ' ಎಂದವರಿಗೆ ಎಲೆ ಹಾಕಲು ಸಿದ್ಧರಿಲ್ಲದಿದ್ದರೆ 'ಊಟ ಆಯ್ತಾ?' ಎಂದು ಕೇಳುವುದಾದರೂ ಏಕೆ?